ಗೊಡಚಿನಮಲ್ಕಿಗೆ ಬರುವ ಗೆಳೆಯನಿಗೆ

ಗೋಕಾಕ

ಪ್ರೀತಿಯ ಗೆಳೆಯಾ,

ಅವ್ವನನ್ನೂ ಮಕ್ಕಳನ್ನೂ ಕರಕೊಂಡು ವಿಜಯಪುರದಿಂದ ಫಾಲ್ಸ್ ನೋಡಲು ಬರುತ್ತೇನೆ, ಗುಡ್ಡ ಹತ್ತುವ ತ್ರಾಸು ಇರಬಾರದು, ಆದರೆ ಸ್ವಲ್ಪ ಕಾಡಿನಲ್ಲಿ ನಡೆದಂತಾಗಬೇಕು ಅಂತ ಬರೆದಿದ್ದಿ. ಹಾಗಾದರೆ ಗೊಡಚಿನಮಲ್ಕಿ ಜಲಪಾತಕ್ಕೇ ಬಾ. ಗೋಕಾಕದಿಂದ ಸುಮಾರು 15 ಕಿ.ಮೀ. ಗೊಡಚಿನಮಲ್ಕಿ ಊರಿನಿಂದ ಕುರುಚಲು ಕಾಡಿನೊಳಗೆ ಎರಡೂವರೆ ಕಿ.ಮೀ. ನಡೆದರೆ ಮಾರ್ಕಂಡೇಯ ನದಿ. ಅವ್ವನ ಹೆಜ್ಜೆಗೆ ಹೆಜ್ಜೆ ಕೂಡಿಸಿದರೂ ಒಂದು ತಾಸು ಸಾಕು. ಯೋಗಿಕೊಳ್ಳದ ಕಡೆಯಿಂದಲೂ ದಾರಿಯಿದೆ, ಆದರೆ ಹಿರಿಯರು ಜೊತೆಗಿದ್ದಾಗ ಊರಿನ ದಾರಿಯೇ ಲೇಸು.

ಯಾವಾಗ ಬರಬೇಕು ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಜುಲೈದಲ್ಲಿ ನದಿ ತುಂಬಿರುತ್ತದೆ ನಿಜ, ಆದರೆ ನೀರು ಕೆಂಪಗೆ ರಾಡಿಯಾಗಿ, ಬಂಡೆಗಳ ಮೆಟ್ಟಿಲೇ ಮುಚ್ಚಿಹೋಗಿರುತ್ತದೆ. ಈ ಜಲಪಾತದ ಚೆಲುವಿರುವುದೇ ಅದರ ಎರಡು ಹಂತಗಳಲ್ಲಿ: ಮೊದಲು ಸುಮಾರು 25 ಮೀಟರ್ ಧುಮುಕಿ, ಕಲ್ಲಿನ ಕಣಿವೆಯಲ್ಲಿ ಸ್ವಲ್ಪ ದೂರ ಹರಿದು, ಮತ್ತೆ 20 ಮೀಟರ್ ಕೆಳಗೆ ಬೀಳುತ್ತದೆ. ಮಳೆಯ ಜೋರು ಇಳಿದು ನೀರು ತಿಳಿಯಾದಾಗ ಇವೆರಡೂ ಬೇರೆಬೇರೆಯಾಗಿ ಕಾಣುತ್ತವೆ. ಗೋಕಾಕ ಫಾಲ್ಸ್ ಇದಕ್ಕೆ ಉಲ್ಟಾ. ಅದಕ್ಕೆ ತುಂಬಿದ ಘಟಪ್ರಭಾ ನದಿ ಬೇಕು. ಮೇಲೆ ಧೂಪದಾಳದ ಒಡ್ಡಿನ ಹತ್ತಿರವೇ ನೀರು ಕಾಲುವೆಗೆ ತಿರುಗುವುದರಿಂದ ಹೊಳೆ ಇಳಿದ ಮೇಲೆ ಬಂದರೆ ಬರೀ ಬಂಡೆ ನೋಡಿ ಹೋಗಬೇಕಾಗುತ್ತದೆ. ಎರಡನ್ನೂ ಒಂದೇ ದಿನ ನೋಡುವುದಾದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನ ತನಕ ಒಳ್ಳೆಯ ಹೊತ್ತು.

ಮುಂಜಾನೆ ಎಂಟಕ್ಕೇ ನಡೆಯಲು ಶುರು ಮಾಡಿರಿ. ಇದು ಮಲೆನಾಡಿನ ದಟ್ಟ ಕಾಡಲ್ಲ. ಮುತ್ತಲ, ಜಾಲಿ, ಬಂದರಿಕೆ, ಕವಳಿ ಕಂಟಿಗಳ ಕಾಡು. ನೆರಳು ಅಲ್ಲಲ್ಲಿ ಮಾತ್ರ. ಮಳೆಗಾಲದ ಬಿಸಿಲು ಮೋಡದ ಸಂದಿಯಿಂದ ಬಂದರೂ ಸುಡುತ್ತದೆ. ತಲಾ ಒಂದೂವರೆ ಲೀಟರ್ ನೀರು ಇರಲಿ. ಕಂಟಿ ಗೀರುವುದರಿಂದ ಮಕ್ಕಳಿಗೂ ಉದ್ದ ಪ್ಯಾಂಟೇ ಹಾಕಿಸು. ಅವ್ವನಿಗೆ ಎದೆಮಟ್ಟದ ಒಂದು ಬಡಿಗೆ ಕೊಡು. ಊರಿಕೊಳ್ಳಲೂ ಆಯಿತು, ಹುಲ್ಲು ಸರಿಸಿ ನೋಡಿ ಕಾಲಿಡಲೂ ಆಯಿತು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಾಕು.

ಚಪ್ಪಲಿ ಬೇಡವೇ ಬೇಡ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಒದ್ದೆಯಾದರೆ ಕಾಲೇ ಅದರೊಳಗೆ ಜಾರುತ್ತದೆ. ಅಡಿಯಲ್ಲಿ ಆಳದ ಗೀರುಗಳಿರುವ ರಬ್ಬರ್ ಬೂಟು ಬೇಕು. ಅದೂ ಸಾಲದು ನೋಡಪಾ: ಎರಿಮಣ್ಣು ಆ ಗೀರುಗಳಲ್ಲಿ ಮೆತ್ತಿಕೊಂಡರೆ ಎಷ್ಟು ಒಳ್ಳೆಯ ಬೂಟಾದರೂ ಸಪಾಟಾಗಿಬಿಡುತ್ತದೆ. ಬಂಡೆ ಹತ್ತುವ ಮೊದಲು ನಿಂತು, ಕಡ್ಡಿಯಿಂದ ಕೆಸರು ಕೆರೆದು, ಹುಲ್ಲಿಗೆ ಒರೆಸಿಕೊಳ್ಳಿರಿ. ಇಲ್ಲಿಯದು ಮರಳುಗಲ್ಲು. ಒಣಗಿದ್ದಾಗ ಉಸುಕಿನ ಕಾಗದದಂತೆ ಕಾಲು ಹಿಡಿಯುತ್ತದೆ. ಅದೇ ಕಲ್ಲು ಪಾಚಿಗಟ್ಟಿ ಒದ್ದೆಯಾದರೆ ಎಣ್ಣೆ ಸವರಿದ ಹಾಗೆ. ಹಸಿರೋ ಕಪ್ಪೋ ಮಿರಮಿರ ಮಿಂಚುವ ಕಲ್ಲಿನ ಮೇಲೆ ಕಾಲಿಡಬೇಡ. ಬೂದುಬಣ್ಣದ, ಒರಟಾದ ಕಲ್ಲನ್ನೇ ಆರಿಸಿಕೋ. ಮೇಲಿನ ಅಂಚಿನಿಂದ ಆರೇಳು ಹೆಜ್ಜೆ ಹಿಂದೆಯೇ ಕೂತು ನೋಡಿರಿ. ಅಲ್ಲಿಗೂ ತುಂತುರು ಬರುತ್ತದೆ, ಮಕ್ಕಳಿಗೆ ಅದೇ ಸಂಭ್ರಮ. ಎರಡು ಹಂತಗಳ ನಡುವಿನ ಕಣಿವೆಗೆ ಯಾರು ಕರೆದರೂ ಇಳಿಯಬೇಡ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ಗೋಕಾಕದ ಸೀಮೆಯಲ್ಲಿ ಮಳೆ ಕಡಿಮೆ. ಮಾರ್ಕಂಡೇಯಕ್ಕೆ ನೀರು ಬರುವುದು ಬೆಳಗಾವಿಯ ಪಶ್ಚಿಮದ ಬೆಟ್ಟಗಳಿಂದ. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಅಲ್ಲಿ ಸುರಿದ ಮಳೆ ತಡವಾಗಿ ಇಲ್ಲಿಗೆ ಬಂದು ಮುಟ್ಟುತ್ತದೆ. ಮೇಲೆ ಶಿರೂರು ಅಣೆಕಟ್ಟೂ ಇದೆ, ಗೇಟು ತೆಗೆದರೆ ಹೊಳೆ ಏರುತ್ತದೆ. ಆದ್ದರಿಂದ ಆಕಾಶ ನೋಡಿ ನದಿಯನ್ನು ಅಳೆಯಬೇಡ. ತಿಳಿನೀರು ಒಮ್ಮೆಲೆ ರಾಡಿಯಾದರೆ, ಕಸಕಡ್ಡಿ ತೇಲಿ ಬಂದರೆ, ಸಪ್ಪಳ ದಪ್ಪಗಾದರೆ, ಆಗಷ್ಟೇ ಕಾಣುತ್ತಿದ್ದ ಕಲ್ಲು ಮುಳುಗಿದರೆ, ಮೊಬೈಲ್, ಚೀಲ ಅಂತ ಹುಡುಕುತ್ತಾ ನಿಲ್ಲದೆ ಎಲ್ಲರನ್ನೂ ಎತ್ತರಕ್ಕೆ ಕರೆದುಕೋ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ಹರಿವಿಗೂ ಗಟ್ಟಿ ಆಳನ್ನು ಕೆಡವುವ ಶಕ್ತಿ ಇರುವುದು ಅದಕ್ಕೇ.

ಮಧ್ಯಾಹ್ನ ಗೋಕಾಕ ಫಾಲ್ಸಿಗೆ ಹೋಗಿರಿ. ಗೋಕಾಕ ಊರಿನಿಂದ ಆರು ಕಿ.ಮೀ. ಅಲ್ಲಿ ನಡಿಗೆ ಹೆಚ್ಚಿಲ್ಲ, ಅವ್ವನಿಗೆ ದಣಿವಾಗದು. ಘಟಪ್ರಭೆ ಕುದುರೆ ಲಾಳದ ಆಕಾರದಲ್ಲಿ 52 ಮೀಟರ್ ಬೀಳುತ್ತಾಳೆ. ಬಹಳ ಹಿಂದೆಯೇ ಇಲ್ಲಿ ನೀರಿನಿಂದ ವಿದ್ಯುತ್ ತಯಾರಿಸಿದ್ದರು ಅಂತ ಮಕ್ಕಳಿಗೆ ಹೇಳು. ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯನ್ನೂ, ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿಯನ್ನೂ ತೋರಿಸು. ಬೆಳಿಗ್ಗೆ ನೋಡಿದ ಮಾರ್ಕಂಡೇಯ ಗೋಕಾಕದ ಹತ್ತಿರವೇ ಈ ಹೊಳೆಯನ್ನು ಕೂಡುತ್ತದೆ.

ಹೊರಡುವ ಹಿಂದಿನ ಸಂಜೆ ಫೋನ್ ಮಾಡು. ಗೊಡಚಿನಮಲ್ಕಿಯವರನ್ನು ಕೇಳಿ ನೀರು ಎಷ್ಟಿದೆ ಅಂತ ಹೇಳುತ್ತೇನೆ. ಜಾಸ್ತಿ ಇದ್ದರೆ ಮುಂದಿನ ಭಾನುವಾರ ಬಂದರಾಯಿತು.

ನಿನ್ನ ಗೆಳೆಯ