ದೇಣಿಗೆಗೆ ಮೊದಲು ಕೇಳಬೇಕಾದ ಪ್ರಶ್ನೆ

ಆತ್ಮೀಯ ಸದಸ್ಯರೇ,

ರಜೆ ಹತ್ತಿರ ಬಂತೆಂದರೆ ಉಡುಪಿ, ಮಂಗಳೂರು ಕಡೆಯ ಯುವಕ ಮಂಡಲ, ಭಜನಾ ಮಂದಿರ, ಯಕ್ಷಗಾನ ತರಗತಿಗಳಿಂದ ಊರಿನಿಂದ ದೂರವಿರುವ ನಮ್ಮ ಸಂಘಕ್ಕೆ ಮನವಿ ಪತ್ರಗಳು ಬರುತ್ತವೆ. ಕುಣಿತ ಭಜನೆಯ ಮಕ್ಕಳಿಗೆ ಸಮವಸ್ತ್ರ, ಕಬಡ್ಡಿ ತಂಡಕ್ಕೆ ಮ್ಯಾಟ್, ಅಷ್ಟಮಿ ವೇಷಗಳಿಗೆ ಬಹುಮಾನ. ಕೊಡಬೇಕಾದದ್ದೇ, ಕೊಡುತ್ತಲೂ ಬಂದಿದ್ದೇವೆ. ಜುಲೈ, ಆಗಸ್ಟ್‌ನಲ್ಲಿ ಊರಿಗೆ ಹೋದ ನಮ್ಮ ಮಕ್ಕಳೂ ಅದೇ ಅಂಗಳದಲ್ಲಿ ಹೆಜ್ಜೆ ಕಲಿಯುತ್ತಾರೆ. ಹಣಕ್ಕೆ ರಸೀದಿ ಕೇಳುವ ನಾವು, ಮಕ್ಕಳ ಹೊಣೆ ಯಾರದ್ದು, ಅವರ ರಕ್ಷಣೆಗೆ ಏನು ನಿಯಮ ಇಟ್ಟುಕೊಂಡಿದ್ದೀರಿ ಎಂದು ಮಾತ್ರ ಕೇಳಿದವರಲ್ಲ. ಇನ್ನು ಮುಂದೆ ಅದಕ್ಕೆ ಲಿಖಿತ ಉತ್ತರ ಬಂದ ಮೇಲೆಯೇ ದೇಣಿಗೆ ಹೋಗಬೇಕು.

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರು ಹೆಚ್ಚಿನ ಪ್ರಕರಣಗಳಲ್ಲಿ ಮಗುವಿಗೆ ಮೊದಲೇ ಪರಿಚಿತರು. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಎಚ್ಚರ ಸಾಕು ಎಂಬ ಭಾವನೆಯೂ ತಪ್ಪು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ನಮ್ಮ ಮಂಡಲಗಳಲ್ಲಿ ಇರುವವರೂ ಹೆಚ್ಚಾಗಿ ಗಂಡುಮಕ್ಕಳೇ.

ದೌರ್ಜನ್ಯ ಎಸಗುವವನು ಮೊದಲು ಒಲಿಸಿಕೊಳ್ಳುವುದು ಮಗುವನ್ನಲ್ಲ, ಸುತ್ತಲಿನ ದೊಡ್ಡವರನ್ನು. ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುತ್ತಾನೆ, ಮಕ್ಕಳನ್ನು ಮನೆಗೆ ಬಿಟ್ಟು ಬರುವ ಜವಾಬ್ದಾರಿ ತಾನೇ ವಹಿಸಿಕೊಳ್ಳುತ್ತಾನೆ. ಆಮೇಲೆ ಒಂದು ಮಗುವಿಗೆ ಮಾತ್ರ ಉಡುಗೊರೆ, ಒಂದು ಮಗುವಿಗೆ ಮಾತ್ರ ರಾತ್ರಿ ಮೆಸೇಜು. ‘ಮನೆಯಲ್ಲಿ ಹೇಳಬೇಡ’ ಎಂಬ ಸಣ್ಣ ಗುಟ್ಟೊಂದನ್ನು ಕೊಟ್ಟು, ಮಗು ಬಾಯಿ ಬಿಡುತ್ತದೆಯೇ ಎಂದು ನೋಡುತ್ತಾನೆ. ಬಿಡದಿದ್ದರೆ ಮುಂದಿನ ಹೆಜ್ಜೆ. ಯಾರ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ಕಾಣದು. ಹಾಗಾಗಿ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು, ಐವತ್ತು ವರ್ಷ ಕಲಿಸಿದ ಗುರುಗಳಿಗೂ, ನಿನ್ನೆ ಬಂದ ಸ್ವಯಂಸೇವಕನಿಗೂ.

ಯಕ್ಷಗಾನದ ಚೌಕಿಯನ್ನೇ, ಅಂದರೆ ವೇಷ ಕಟ್ಟುವ ಕೋಣೆಯನ್ನೇ ತೆಗೆದುಕೊಳ್ಳಿ. ಕಚ್ಚೆ ಬಿಗಿಯುವವರಿಗೆ ಮಗುವಿನ ಸೊಂಟ ಮುಟ್ಟದೆ ಕೆಲಸ ಸಾಗುವುದಿಲ್ಲ. ಆದ್ದರಿಂದ ‘ಮುಟ್ಟಲೇಬಾರದು’ ಎಂದು ಬರೆದ ನಿಯಮ ಮೊದಲ ಪ್ರದರ್ಶನದಲ್ಲೇ ಬಿದ್ದುಹೋಗುತ್ತದೆ. ನಡೆಯುವ ನಿಯಮ ಹೀಗಿರಬೇಕು: ಮಗು ಮನೆಯಿಂದಲೇ ಒಳಗೆ ಬನಿಯನ್ನು, ಬಿಗಿಯಾದ ಚಡ್ಡಿ ಹಾಕಿಕೊಂಡು ಬರಬೇಕು. ವೇಷ ಕಟ್ಟುವುದು ದೀಪದ ಬೆಳಕಿನಲ್ಲಿ, ಎಲ್ಲರಿಗೂ ಕಾಣುವಲ್ಲಿ. ಕಟ್ಟುವವರು ‘ಈಗ ಕಚ್ಚೆ ಬಿಗಿಯುತ್ತೇನೆ’ ಎಂದು ಬಾಯಿಬಿಟ್ಟು ಹೇಳಿಯೇ ಕೈ ಹಾಕಬೇಕು. ಹೆತ್ತವರಲ್ಲಿ ಇಬ್ಬರು ಸರದಿಯಂತೆ ಚೌಕಿಯಲ್ಲೇ ಇರಬೇಕು. ಮೊಬೈಲ್ ಕ್ಯಾಮೆರಾ ಒಳಗೆ ಕೂಡದು. ಫೋಟೊ ಏನಿದ್ದರೂ ವೇಷ ಪೂರ್ತಿಯಾದ ಮೇಲೆ. ಸಾಮಾನ್ಯವಾಗಿ ಮರೆತುಹೋಗುವ ಸಂಗತಿ ಇನ್ನೊಂದಿದೆ. ವೇಷ ಕಟ್ಟಿದ ಮೇಲೆ ಶೌಚಕ್ಕೆ ಹೋಗಬೇಕೆಂದರೆ ಕಚ್ಚೆ ಸಡಿಲಿಸಲೇಬೇಕು. ಕತ್ತಲಲ್ಲಿ ಆ ಮಗುವಿನ ಜೊತೆ ಹೋಗುವವರು ಯಾರೆಂದು ಮೊದಲೇ ನಿಶ್ಚಯವಾಗಿರಬೇಕು.

ಹುಲಿವೇಷದಲ್ಲಿ ಅಪಾಯ ಹೆಚ್ಚಿರುವುದು ಬಣ್ಣ ಹಾಕುವಾಗಲ್ಲ, ತೆಗೆಯುವಾಗ. ಹಾಕುವಾಗ ಊರೇ ನೋಡುತ್ತಿರುತ್ತದೆ. ಎಣ್ಣೆ ಹಚ್ಚಿ ಬಣ್ಣ ತಿಕ್ಕುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಮಗು ಸುಸ್ತಾಗಿರುತ್ತದೆ, ಪದಾಧಿಕಾರಿಗಳು ಮನೆ ಸೇರಿರುತ್ತಾರೆ. ಹತ್ತು, ಹನ್ನೆರಡು ವರ್ಷದ ಹುಲಿಗಳ ಬಣ್ಣ ತೆಗೆಯುವ ಕೆಲಸವನ್ನು ಮನೆಯವರಿಗೇ ಬಿಡಬೇಕು.

ಕುಣಿತ ಭಜನೆಯ ತಂಡ ದೂರದ ಕ್ಷೇತ್ರಕ್ಕೆ ಟೆಂಪೊದಲ್ಲಿ ಹೋಗಿ ತಡರಾತ್ರಿ ಮರಳುವಾಗ ಕೊನೆಗೆ ಇಳಿಯುವ ಮಗು ಚಾಲಕನ ಜೊತೆ ಒಂಟಿಯಾಗಬಾರದು. ಇಬ್ಬರು ದೊಡ್ಡವರು ಕೊನೆಯ ಮನೆಯವರೆಗೂ ಇರಲಿ, ಅವರಿಬ್ಬರೂ ಒಂದೇ ಮನೆಯವರಾಗದಿರಲಿ. ರಾತ್ರಿ ಉಳಿಯಬೇಕಾಗಿ ಬಂದರೆ ದೊಡ್ಡವರಿಗೂ ಮಕ್ಕಳಿಗೂ ಬೇರೆ ಕೋಣೆ. ಮೆಸೇಜು ಹೆತ್ತವರಿರುವ ಗುಂಪಿಗೆ ಮಾತ್ರ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ 2020ರಲ್ಲಿ ಬಂದ ನಿಯಮಗಳ ಪ್ರಕಾರ ಮಕ್ಕಳ ನಿತ್ಯ ಸಂಪರ್ಕದಲ್ಲಿರುವ ಸಂಸ್ಥೆಗಳು, ಕ್ರೀಡಾ ಅಕಾಡೆಮಿಗಳೂ ಸೇರಿದಂತೆ, ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು, ತರಬೇತಿಯನ್ನೂ ಕೊಡಬೇಕು. ಪರಿಶೀಲನೆ ಬೇಕೇ ಬೇಕು. ಆದರೆ ಹಿಂದೆ ಸಿಕ್ಕಿಬಿದ್ದವರು ಮಾತ್ರ ಅದರಲ್ಲಿ ಕಾಣಿಸುತ್ತಾರೆ. ದೂರು ಬಂದಾಗ ಸದ್ದಿಲ್ಲದೆ ಬಿಡಿಸಿ ಕಳಿಸಿದ ಶಿಕ್ಷಕ ಪಕ್ಕದ ಊರಿನ ತಂಡಕ್ಕೆ ಸ್ವಚ್ಛ ದಾಖಲೆಯೊಂದಿಗೇ ಸೇರುತ್ತಾನೆ. ಆದ್ದರಿಂದ ಹೊಸಬರನ್ನು ಸೇರಿಸುವ ಮೊದಲು ಹಿಂದಿನ ತಂಡಕ್ಕೆ ಫೋನ್ ಮಾಡಿ, ‘ಇವರ ಕೈಗೆ ಮತ್ತೆ ಮಕ್ಕಳನ್ನು ಒಪ್ಪಿಸುತ್ತೀರಾ?’ ಎಂದು ನೇರವಾಗಿ ಕೇಳಬೇಕು.

ಮಗು ಬಂದು ಹೇಳಿಕೊಂಡಾಗ ಅತಿ ದೊಡ್ಡ ತಪ್ಪು ನಡೆಯುವುದು ಸಮಿತಿಯ ಸಭೆಯಲ್ಲಿ. ಊರಿನ ಮರ್ಯಾದೆ, ದೇವಸ್ಥಾನದ ಹೆಸರು ಎಂದು ಹಿರಿಯರು ಸೇರುತ್ತಾರೆ. ಮಗುವನ್ನು ಕರೆಸಿ, ಕೆಲವೊಮ್ಮೆ ಆರೋಪಿಯ ಎದುರಿನಲ್ಲೇ, ಮತ್ತೆ ಮತ್ತೆ ಹೇಳಿಸುತ್ತಾರೆ. ಇದು ಕ್ರೌರ್ಯ, ಪ್ರಕರಣಕ್ಕೂ ಹಾನಿ. ಆರೋಪಿಗೆ ಸುದ್ದಿ ಮುಟ್ಟಿದ ಕೂಡಲೇ ಫೋನಿನಲ್ಲಿದ್ದದ್ದು ಅಳಿಸಿಹೋಗುತ್ತದೆ. ಕೇಳಿಸಿಕೊಂಡವರು ಮಾಡಬೇಕಾದದ್ದು ಇಷ್ಟೇ: ‘ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ’ ಎನ್ನಿ. ‘ಯಾಕೆ ಸುಮ್ಮನಿದ್ದೆ’ ಎಂದು ಕೇಳಬೇಡಿ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಮಗು ಆಡಿದ ಮಾತನ್ನು ಅದು ಆಡಿದ ಭಾಷೆಯಲ್ಲೇ, ತುಳುವಾದರೆ ತುಳುವಿನಲ್ಲೇ, ದಿನಾಂಕ, ಸಮಯದೊಂದಿಗೆ ಬರೆದಿಡಿ. ಹೊಸ ಘಟನೆಯಾದರೆ ಆಗ ಹಾಕಿದ್ದ ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ಕೂತು ಸಾಕ್ಷ್ಯ ಕೆಡುತ್ತದೆ. ಆಸ್ಪತ್ರೆಗೆ ಹೋಗಲು ಎಫ್‌ಐಆರ್ ಆಗುವವರೆಗೆ ಕಾಯಬೇಕಿಲ್ಲ.

ನಂತರ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಠಾಣೆಗೆ ಹೋಗಿ. ಪೋಕ್ಸೊ 19ನೇ ಕಲಂ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ಹೇಳಿಕೆ ಪಡೆಯಲು ಪೊಲೀಸರು ಸಮವಸ್ತ್ರವಿಲ್ಲದೆ ಮನೆಗೆ ಬರಬೇಕು, ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು.

ಕೆಲವು ಮಕ್ಕಳು ವಿಮಾನ ಹತ್ತಿ ಇಲ್ಲಿಗೆ ಮರಳಿದ ಮೇಲಷ್ಟೇ ಬಾಯಿ ಬಿಡುತ್ತಾರೆ. ಆಗಲೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಡಿ ಇ-ಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲೂ ಮಾಹಿತಿ ಕೊಡಬಹುದು, ಆದರೆ ಕೊಟ್ಟವರು ಮೂರು ದಿನದೊಳಗೆ ಸಹಿ ಹಾಕಬೇಕು. ಇಲ್ಲಿಂದ ಮೂರು ದಿನದಲ್ಲಿ ಹೋಗಿ ಮುಟ್ಟುವುದು ಎಲ್ಲರಿಂದಾಗದು. ಊರಿನಲ್ಲಿರುವ ಅಜ್ಜ, ಮಾವ, ಚಿಕ್ಕಮ್ಮ, ಯಾರು ಬೇಕಾದರೂ ಠಾಣೆಗೆ ಹೋಗಿ ತಿಳಿಸಬಹುದು. ಈ ಸಲ ರಜೆಗೆ ಹೋದಾಗ ಆ ಕೆಲಸಕ್ಕೆ ಹಿಂಜರಿಯದ ಒಬ್ಬರನ್ನು ಗೊತ್ತುಮಾಡಿ, ಠಾಣೆಯ ನಂಬರನ್ನು ಅವರ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಹಾಕಿಕೊಂಡು ಬನ್ನಿ.

ಸಂಪಾದಕ ಮಂಡಳಿ