ಆಟದ ನಿಯಮ ಊರಿಗೆ ಬಿಡುವ ಮುನ್ನ ಪರವಾನಗಿ ಪುಟ ಬರೆಯಿರಿ

ಮಾನ್ಯ ಸಂಪಾದಕರೇ,

ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಮೊದಲೇ ಇರುತ್ತದೆ, ಅರ್ಥ ಮಾತ್ರ ಕೂತಲ್ಲೇ ಹುಟ್ಟುತ್ತದೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದರೇನು ಎಂದು ಕರಾವಳಿಯವರು ಕೇಳಿದರೆ ಇದೇ ಹತ್ತಿರದ ಉತ್ತರ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬಲ್ಲಿ ದಾಳ ಉರುಳಿಸುತ್ತಾರೆ. ಯಾವ ದಾಳ, ಎಷ್ಟು ಬಿದ್ದರೆ ಏನು ಎಂದು ಹೇಳುವುದು ನಿಯಮ ಪುಸ್ತಕ. ಕನ್ನಡದಲ್ಲೋ ತುಳುವಿನಲ್ಲೋ ಇಂಥ ಆಟ ಅಚ್ಚು ಹಾಕಿಸಲು ಹೊರಡುವವರು ಕಥೆ, ಚಿತ್ರಕ್ಕಿಂತ ಮೊದಲು ಪರವಾನಗಿಯ ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು ಎಂಬುದು ನಮ್ಮ ಕಳಕಳಿ.

ಕಾರಣ 2023ರ ಜನವರಿ. ಇಂಥದ್ದೇ ಆಟವಾದ ಡಂಜನ್ಸ್ ಆಂಡ್ ಡ್ರಾಗನ್ಸ್‌ನ ಮೂರನೇ ಆವೃತ್ತಿಯೊಂದಿಗೆ 2000ದಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ತಂದ, ಅದರ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುವ ಓಪನ್ ಗೇಮ್ ಲೈಸೆನ್ಸ್ ಎಂಬ ಪರವಾನಗಿಯನ್ನು ನಂಬಿ ನೂರಾರು ಪುಸ್ತಕಗಳು ಬಂದಿದ್ದವು. ಆ ಪರವಾನಗಿಯ 1.0ಎ ಆವೃತ್ತಿಯ ನಾಲ್ಕನೇ ಕಲಂ ಅನುಮತಿಯನ್ನು ‘ಶಾಶ್ವತ’ ಎನ್ನುತ್ತದೆ. ‘ಹಿಂಪಡೆಯಲಾಗದ’ ಎಂಬ ಮಾತು ಎಲ್ಲೂ ಇಲ್ಲ. ಒಂಬತ್ತನೇ ಕಲಂ ‘ಅಧಿಕೃತ’ ಆವೃತ್ತಿಯನ್ನು ಮಾತ್ರ ಬಳಸಬಹುದು ಎನ್ನುತ್ತದೆ. ಆ ಒಂದು ಪದವನ್ನು ಹಿಡಿದು, ಹಳೆಯದು ಇನ್ನು ಅಧಿಕೃತವಲ್ಲ ಎನ್ನುವ ಹೊಸ ಕರಡು ಸೋರಿಕೆಯಾಯಿತು. ವರ್ಷಕ್ಕೆ 7,50,000 ಡಾಲರ್ ಮೀರಿದ ಆದಾಯಕ್ಕೆ ಶೇ 25ರವರೆಗೆ ರಾಯಧನ ಕೊಡಬೇಕೆಂದೂ ಅದರಲ್ಲಿತ್ತು. ಪ್ರತಿರೋಧ ಜೋರಾದಾಗ ಜನವರಿ 27ರಂದು ಕಂಪನಿ ಹಿಂದೆ ಸರಿಯಿತು. ಅಷ್ಟೇ ಅಲ್ಲ, ಐದನೇ ಆವೃತ್ತಿಯ ಮೂಲ ನಿಯಮಗಳಾದ ಎಸ್‌ಆರ್‌ಡಿ 5.1ನ್ನು ಮೂಲದವರ ಹೆಸರು ಹೇಳಿದರೆ ಯಾರು ಬೇಕಾದರೂ ಬಳಸಬಹುದೆನ್ನುವ ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಪರವಾನಗಿಯಡಿ ಬಿಟ್ಟಿತು. 2025ರಲ್ಲಿ 5.2 ಕೂಡ ಅದೇ ಪರವಾನಗಿಯಲ್ಲಿ ಬಂತು. ಪೈಜೊ ಸಂಸ್ಥೆ ತನ್ನ ಪಾತ್‌ಫೈಂಡರ್ ಆಟಕ್ಕೆ ಒಆರ್‌ಸಿ ಎಂಬ ಬೇರೆಯೇ ಪರವಾನಗಿಯ ದಾರಿ ಹಿಡಿಯಿತು.

ಇನ್ನು ಮುಂದೆ 1.0ಎ ಮೇಲೆ ಹೊಸ ಪುಸ್ತಕ ಬರೆಯಬೇಡಿ. ಕಂಪನಿ ಇವತ್ತು ಸುಮ್ಮನಿದ್ದರೂ ಒಂಬತ್ತನೇ ಕಲಂ ಇದ್ದ ಹಾಗೇ ಇದೆ. ಬಿವೈ 4.0 ಹಾಗಲ್ಲ. ಅದರ ಅನುಮತಿ ಹಿಂಪಡೆಯಲಾಗದ್ದು, ವಿಶ್ವವ್ಯಾಪಿ, ಹಕ್ಕುಸ್ವಾಮ್ಯ ಇರುವಷ್ಟು ಕಾಲ ನಡೆಯುವಂಥದ್ದು. ಮೂಲದವರ ಹೆಸರು ಹೇಳುವ ಕೃತಜ್ಞತೆಯ ಸಾಲು ಬಿಟ್ಟುಹೋಗಿ ಅನುಮತಿ ರದ್ದಾದರೂ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ತಾನಾಗಿ ಮರಳುತ್ತದೆ.

ನಿಯಮಕ್ಕೆ ಪರವಾನಗಿಯೇ ಯಾಕೆ ಎಂಬ ಪ್ರಶ್ನೆಯೂ ಬರುತ್ತದೆ. ಚೆನ್ನೆಮಣೆಯ 14 ಗುಳಿ, ಗುಳಿಗೆ ನಾಲ್ಕು ಬೀಜ, ಇದಕ್ಕೆ ಯಾರೂ ಒಡೆಯರಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೂ ರಕ್ಷಣೆ ಇರುವುದು ಬರೆದ ರೀತಿಗೆ, ಯೋಚನೆಗೆ ಅಲ್ಲ. 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಎಸ್‌ಆರ್‌ಡಿಯ ‘ಫೈರ್‌ಬಾಲ್’ ಮಂತ್ರವನ್ನೇ ನೋಡಿ. 20 ಅಡಿ ತ್ರಿಜ್ಯ, ಎಂಟು ಆರುಮುಖದ ದಾಳದಷ್ಟು ಪೆಟ್ಟು, ಚುರುಕುತನದಿಂದ ತಪ್ಪಿಸಿಕೊಂಡರೆ ಅರ್ಧ. ಈ ಲೆಕ್ಕವನ್ನು ನಿಮ್ಮದೇ ಮಾತಿನಲ್ಲಿ ಬರೆದರೆ ಸಾಮಾನ್ಯವಾಗಿ ತಕರಾರಿಲ್ಲ. ಆದರೆ ಅಲ್ಲಿನ ವಾಕ್ಯಗಳನ್ನು ಸಾಲು ಸಾಲಾಗಿ ಕನ್ನಡಕ್ಕೆ ತಂದರೆ ಅದು ಅನುವಾದ, ಅದಕ್ಕೆ ಅನುಮತಿ ಬೇಕು. ನೂರಾರು ಮಂತ್ರ, ನೂರಾರು ಮೃಗಗಳಿರುವಾಗ ಎಲ್ಲಿ ಲೆಕ್ಕ ಮುಗಿದು ಎಲ್ಲಿ ವಾಕ್ಯ ಶುರುವಾಯಿತೆಂದು ಯಾರಿಗೂ ಖಚಿತವಿರುವುದಿಲ್ಲ. ಪರವಾನಗಿ ಈ ಅನುಮಾನವನ್ನು ತೆಗೆಯುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಆಗುವ ತಪ್ಪು ಬೇರೆ. ಪುಸ್ತಕದ ಹಿಂದೆ ‘ಈ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದು’ ಎಂದು ಒಂದು ಸಾಲು ಹಾಕಿ ಕೈತೊಳೆದುಕೊಳ್ಳುವುದು. ಕಾಯ್ದೆಯ 30ಎ ಕಲಂ ಮೂಲಕ 19ನೇ ಕಲಂ ಪರವಾನಗಿಗೂ ಅನ್ವಯಿಸುತ್ತದೆ. ಅದರಂತೆ ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಭಾವಿಸಲಾಗುತ್ತದೆ. ಮನಸಾರೆ ಕೊಟ್ಟ ಅನುಮತಿ ಆರನೇ ವರ್ಷಕ್ಕೆ ಬಿದ್ದುಹೋಗಬಹುದು. ದುಬೈಯಲ್ಲಿರುವ ಊರಿನವರು ಅಲ್ಲೇ ಅಚ್ಚು ಹಾಕಿಸಿದರೆ ಮೊದಲ ದಿನವೇ ತಕರಾರು. ಸ್ವಂತ ವಾಕ್ಯ ಹೊಸೆಯುವ ಬದಲು ಬಿವೈ 4.0 ಹೆಸರು ಹಾಕಿದರೆ ಅವಧಿ, ಪ್ರದೇಶ ಎರಡೂ ಅದರೊಳಗೇ ಬರೆದಿವೆ.

ಪುಸ್ತಕದ ಪರವಾನಗಿ ಪುಟದಲ್ಲಿ ಇಷ್ಟಿರಲಿ: ನಿಯಮ ಭಾಗ ಯಾವ ಪುಟದಿಂದ ಯಾವ ಪುಟದವರೆಗೆ, ಬರೆದವರ ಹೆಸರು, ಪರವಾನಗಿಯ ಪೂರ್ಣ ಹೆಸರು ಮತ್ತು ವಿಳಾಸ, ಮೂಲದಿಂದ ಏನು ಬದಲಾಯಿಸಿದ್ದೀರಿ ಎಂಬ ಸಾಲು. ಅನುವಾದವೂ ಬದಲಾವಣೆಯೇ, ಅದನ್ನು ಹೇಳಲೇಬೇಕು. ಎಸ್‌ಆರ್‌ಡಿ ಬಳಸಿದ್ದರೆ ಅದರಲ್ಲೇ ಕೊಟ್ಟಿರುವ ಕೃತಜ್ಞತಾ ವಾಕ್ಯವನ್ನು ಒಂದಕ್ಷರ ಬಿಡದೆ ಹಾಕಿ. ‘ಐದನೇ ಆವೃತ್ತಿಗೆ ಹೊಂದುತ್ತದೆ’ ಎನ್ನಬಹುದು. ಕಂಪನಿಯ ಲೋಗೊ, ಟ್ರೇಡ್‌ಮಾರ್ಕ್ ಈ ಪರವಾನಗಿಯಲ್ಲಿ ಸಿಗುವುದಿಲ್ಲ. ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಗುಣಕದಲ್ಲೇ ಬರುವುದರಿಂದ ಈ ಒಂದು ಪುಟವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕೊನೆಗೆ ಜಾಗ ಸಾಲದೆ ಕತ್ತರಿ ಬೀಳುವುದು ಇದಕ್ಕೇ.

ಚಿತ್ರ, ನಕ್ಷೆ, ಕಥೆ, ಪಾತ್ರದ ಹೆಸರುಗಳನ್ನು ಬೇರೆ ಭಾಗವಾಗಿಡಿ, ‘ಇವು ಪರವಾನಗಿಗೆ ಸೇರಿಲ್ಲ’ ಎಂದು ಬರೆಯಿರಿ. ತುಳು ಜನಪದ ಕಥನಗೀತೆಗಳಾದ ಪಾಡ್ದನಗಳ ಹೆಸರು, ಸಂಗತಿಗಳನ್ನು ಮಾತ್ರ ನಿಮ್ಮ ಕಾದಿಟ್ಟ ಸೊತ್ತೆಂದು ಆ ಪಟ್ಟಿಗೆ ಸೇರಿಸಬೇಡಿ. ಅವು ಹೇಳಿಕೊಂಡು ಬಂದ ಜನರವು. ಕನ್ನಡ ವಿಕಿಪೀಡಿಯದಿಂದ ಎರಡು ಪ್ಯಾರಾ ಎತ್ತಿ ನಿಯಮದೊಳಗೆ ಬೆರೆಸಿದರೆ ಆ ಭಾಗವನ್ನು, ಮುಂದೆಯೂ ಅದೇ ಷರತ್ತಿನಲ್ಲಿ ಹಂಚಬೇಕೆನ್ನುವ ಬಿವೈ-ಎಸ್‌ಎ ಪರವಾನಗಿಯ ಅಡಿಯಲ್ಲೇ ಬಿಡಬೇಕಾಗುತ್ತದೆ. ಅದನ್ನು ಒಆರ್‌ಸಿ ನಿಯಮದೊಂದಿಗೆ ಬೆರೆಸಲು ಹೋದರೆ ಎರಡೂ ತಮ್ಮದೇ ಷರತ್ತು ಕೇಳುತ್ತವೆ. ಕ್ರಿಯೇಟಿವ್ ಕಾಮನ್ಸ್‌ನ ಕೆಲವು ಪರವಾನಗಿಗಳಲ್ಲಿರುವ ‘ವಾಣಿಜ್ಯೇತರ’ ಎಂಬ ಎನ್‌ಸಿ ಷರತ್ತು ನಮಗೆ ಒಪ್ಪಿಗೆಯಿಲ್ಲ. 50 ರೂಪಾಯಿ ಪ್ರವೇಶ ಶುಲ್ಕದ ಕಾಲೇಜು ಫೆಸ್ಟಿನಲ್ಲಿ ನಿಯಮದ ಪ್ರತಿ ಹಂಚಿದರೆ ಅದು ವಾಣಿಜ್ಯವೇ ಅಲ್ಲವೇ ಎಂದು ಹೇಳುವವರು ಯಾರು?

ಕೊನೆಯದಾಗಿ, ಪ್ರೆಸ್ಸಿನವರಲ್ಲಿ ಒಂದು ವಿನಂತಿ. ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಪುಟ ಕಟ್ಟಿ ಪಿಡಿಎಫ್ ಮಾತ್ರ ಕೊಟ್ಟರೆ, ಅದರಿಂದ ನಕಲು ಮಾಡಿದ ಸಾಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ, ಹುಡುಕಿದರೂ ಸಿಗುವುದಿಲ್ಲ. ಪರವಾನಗಿ ಮುಕ್ತವಾಗಿದ್ದೂ ಮುಂದಿನವರು ಇಡೀ ಪುಸ್ತಕ ಮತ್ತೆ ಟೈಪ್ ಮಾಡಬೇಕು. ನಿಯಮ ಭಾಗದ ಯುನಿಕೋಡ್ ಪಠ್ಯವನ್ನು ಬೇರೆ ಫೈಲ್ ಆಗಿ ಕೊಡಿ, ಜೊತೆಗೆ ‘ಹಿಟ್ ಪಾಯಿಂಟ್’, ‘ಸೇವಿಂಗ್ ಥ್ರೋ’ ಇತ್ಯಾದಿ ಆಟದ ಪದಗಳಿಗೆ ಬಳಸಿದ ಕನ್ನಡ ಪದಗಳ ಪಟ್ಟಿಯೂ ಇರಲಿ. ಎಸ್‌ಆರ್‌ಡಿ 5.1 ಸುಮಾರು 400 ಪುಟ. ಅದನ್ನು ಕನ್ನಡಕ್ಕೆ ತರುವುದು ಒಬ್ಬರ ಕೆಲಸವಲ್ಲ, ಹಂಚಿಕೊಂಡು ಮಾಡುವವರಿಗೆ ಮೊದಲು ಬೇಕಾಗುವುದು ಆ ಪಟ್ಟಿ.

ಇಂತಿ,
ಮೇಜಿನಾಟ ರಚಿಸುವ ಕೆಲವು ಗೆಳೆಯರು
ಕೊಡಿಯಾಲ್‌ಬೈಲ್, ಮಂಗಳೂರು