ಕಟಿಂಗ್ ಪ್ಲೇಯರ್ ತಗೊಳ್ಳುವ ಮುಂಚೆ

ಚಿ. ಪುಟ್ಟಿಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನು ಕರೆಂಟ್ ಲೈನ್ ಕೆಲಸದ ತರಬೇತಿಗೆ ಸೇರಿದ್ದೀಯ ಎಂದು ನಿಮ್ಮಪ್ಪ ಹೇಳಿದ. ತುಂಬಾ ಖುಷಿ ಆಯ್ತು. ಯಾವ ಕಟಿಂಗ್ ಪ್ಲೇಯರ್ ತಗೊಳ್ಳಲಿ, ದೊಡ್ಡಪ್ಪನ್ನ ಕೇಳಿ ಅಂದೆಯಂತೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಇದನ್ನು ಕೇಳು. ಹಿಡಿಯ ಮೇಲಿರುವ ರಬ್ಬರ್ ನೋಡಿಕೊಂಡು ಧೈರ್ಯ ಮಾಡಬೇಡ. ಬಹಳಷ್ಟು ಪ್ಲೇಯರ್‌ಗಳಿಗೆ ಬಣ್ಣದ ಪ್ಲಾಸ್ಟಿಕ್ ಹೊದಿಸಿರುವುದು ಕೈ ಜಾರದಿರಲಿ, ಅಂಗೈ ನೋಯದಿರಲಿ ಎಂದು ಅಷ್ಟೇ. ಕರೆಂಟ್ ತಡೆಯುವುದಕ್ಕೆ ಅಲ್ಲ. ನಿಜವಾಗಿ ಇನ್ಸುಲೇಷನ್ ಇರುವ ಪ್ಲೇಯರ್ ಮೇಲೆ ಎರಡು ತ್ರಿಕೋನದ ಗುರುತು ಇರುತ್ತದೆ, ಪಕ್ಕದಲ್ಲಿ 1000 ವೋಲ್ಟ್ ಎಂದು ಬರೆದಿರುತ್ತದೆ. ಐಇಸಿ 60900 ಎಂಬ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಅಂಥ ಒಂದೊಂದು ಉಪಕರಣವನ್ನೂ 10,000 ವೋಲ್ಟಿನಲ್ಲಿ ಪರೀಕ್ಷೆ ಮಾಡಿಯೇ ಹೊರಗೆ ಬಿಡಬೇಕು. ಗುರುತು ಇಲ್ಲದಿದ್ದರೆ ಅದು ಬರೀ ಕಬ್ಬಿಣ ಎಂದೇ ತಿಳಿದುಕೋ. ಗುರುತು ಇದ್ದರೂ ಅದು ಕೈತಪ್ಪಿದಾಗ ಕಾಯುವುದಕ್ಕೆ ಇರುವ ಎರಡನೇ ರಕ್ಷಣೆ. ಮೊದಲನೆಯದು ಲೈನ್ ಆಫ್ ಮಾಡುವುದು. ಹೈಟೆನ್ಷನ್ ಲೈನ್ ಮುಂದೆಯಂತೂ ಈ 1000 ವೋಲ್ಟಿನ ಹಿಡಿ ಏನೇನೂ ಅಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳೇ ಕೇಬಲ್ ಕತ್ತರಿಸಬೇಕಿತ್ತು. ಬೋರ್ಡಿನಲ್ಲಿ ಫ್ಯೂಸ್ ಕಿತ್ತೆ. ಅದು ಬೇರೆ ಲೈನಿನ ಫ್ಯೂಸ್. ಟೆಸ್ಟರ್ ಜೇಬಿನಲ್ಲೇ ಇತ್ತು, ತೆಗೆದು ನೋಡಲಿಲ್ಲ. ಕರೆಂಟ್ ಬರುವ ಫೇಸು, ವಾಪಸ್ ಹೋಗುವ ನ್ಯೂಟ್ರಲ್ಲು, ಎರಡೂ ತಂತಿಗಳನ್ನು ಒಟ್ಟಿಗೇ ಪ್ಲೇಯರ್ ಬಾಯಿಗೆ ಕೊಟ್ಟು ಒತ್ತಿದೆ. ಢಬ್ ಅಂತ ಸದ್ದಾಯಿತು. ಕಣ್ಣ ಮುಂದೆ ನೀಲಿ ಬೆಳಕು, ಆಮೇಲೆ ಸುಟ್ಟ ವಾಸನೆ. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಕಣ್ಣು ಸರಿಯಾದ ಮೇಲೆ ನೋಡಿದರೆ ಪ್ಲೇಯರಿನ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಗುಳಿ. ಬೆಂಕಿಕಡ್ಡಿಯ ತಲೆ ಕೂರುವಷ್ಟು. ಆ ಜಾಗದ ಉಕ್ಕು ಕರಗಿ, ಪಕ್ಕದಲ್ಲಿ ಸಣ್ಣ ಹನಿಯಾಗಿ ಅಂಟಿಕೊಂಡಿತ್ತು. ಕಣ್ಣಿಗೂ ಕೈಗೂ ಏನೂ ಆಗದೆ ಉಳಿದದ್ದು ನನ್ನ ಪುಣ್ಯ. ಆ ಪ್ಲೇಯರ್ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ.

ಹಾಗಾಗಿ ಆಫ್ ಮಾಡಿದೆ ಎಂದು ಯಾರು ಹೇಳಿದರೂ, ನೀನೇ ಆಫ್ ಮಾಡಿದ್ದರೂ, ಪರೀಕ್ಷೆ ಮಾಡದೆ ವೈರಿಗೆ ಪ್ಲೇಯರ್ ಹಾಕಬೇಡ. ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಟೆಸ್ಟರ್ ಇಟ್ಟು ನೋಡು. ಆಮೇಲೆ ನಿನ್ನ ವೈರ್ ಮೇಲೆ ಇಡು. ಮತ್ತೆ ಮೊದಲಿನ ಕಡೆಗೇ ಹೋಗಿ ನೋಡು. ನಡುವೆ ಟೆಸ್ಟರೇ ಕೆಟ್ಟಿದ್ದರೆ ಗೊತ್ತಾಗುವುದು ಹೀಗೇ. ಇಷ್ಟೆಲ್ಲ ಆದ ಮೇಲೂ ವೈರ್‌ಗಳನ್ನು ಒಂದೊಂದಾಗಿ ಕತ್ತರಿಸು. ಕನ್ನಡಕ ಹಾಕಿಕೋ. ತುಂಡಾದ ತಂತಿ ಎತ್ತ ಹಾರುತ್ತದೆ ಎಂದು ಹೇಳಲಾಗುವುದಿಲ್ಲ. ಬೀಳುವ ತುದಿ ಯಾವಾಗಲೂ ನೆಲದ ಕಡೆಗಿರಲಿ.

ಇನ್ನು ಆರಿಸುವ ವಿಷಯ. ಲೈನ್ ಕೆಲಸಕ್ಕೆ 8 ಇಂಚು ಇಲ್ಲವೇ 9 ಇಂಚಿನದ್ದು ಸಾಮಾನ್ಯ. ದೊಡ್ಡದೇ ಒಳ್ಳೆಯದು ಅಂತ ಏನಿಲ್ಲ. ಹಿಡಿ ಪೂರ್ತಿ ತೆರೆದಾಗಲೂ ನಿನ್ನ ಬೆರಳು ಆಚೆ ಬದಿಗೆ ಸಲೀಸಾಗಿ ಸಿಗಬೇಕು. ಬೆರಳ ತುದಿಯಲ್ಲಿ ಎಟುಕಿಸಿ ಒತ್ತಿದರೆ ಬಲವೂ ಸಿಗಲ್ಲ, ಸಂಜೆ ಹೊತ್ತಿಗೆ ಮಣಿಕಟ್ಟು ನೋಯುತ್ತದೆ. ರಿವೆಟ್, ಅಂದರೆ ಎರಡು ಅರ್ಧಗಳನ್ನು ಕೂಡಿಸುವ ನಡುವಿನ ಮೊಳೆ, ಎಲ್ಲಿದೆ ನೋಡು. ಅದು ಕತ್ತರಿಸುವ ಅಂಚಿಗೆ ಹತ್ತಿರ ಇದ್ದಷ್ಟೂ ಕಡಿಮೆ ಶಕ್ತಿಯಲ್ಲಿ ಕೆಲಸ ಆಗುತ್ತದೆ. ಪ್ಲೇಯರಿನ ಬಾಯಿ ಮುಚ್ಚಿ ಬೆಳಕಿಗೆ ಹಿಡಿ. ಕತ್ತರಿಸುವ ಅಂಚಿನ ನಡುವೆ ಬೆಳಕು ಕಂಡರೆ ವಾಪಸ್ ಇಟ್ಟುಬಿಡು. ಬಾಯಿ ತೆರೆದು ಮುಚ್ಚುವಾಗ ಬಿಗಿಯೂ ಬೇಡ, ಪಕ್ಕಕ್ಕೆ ಅಲ್ಲಾಡಲೂ ಬಾರದು.

ಕತ್ತರಿಸುವಾಗ ತಂತಿಯನ್ನು ಆದಷ್ಟು ಒಳಗೆ, ರಿವೆಟ್ ಹತ್ತಿರಕ್ಕೆ ತಳ್ಳು. ತುದಿಯಲ್ಲಿ ಎರಡು ಕೈ ಹಾಕಿದರೂ ಆಗದ್ದು ಅಲ್ಲಿ ಒಂದೇ ಕೈಯಲ್ಲಿ ಆಗುತ್ತದೆ. ತಾಮ್ರ, ಅಲ್ಯೂಮಿನಿಯಂ ಸಲೀಸಾಗಿ ತುಂಡಾಗುತ್ತವೆ. ಆದರೆ ಲೈನಿನ ಅಲ್ಯೂಮಿನಿಯಂ ತಂತಿಗಳಲ್ಲಿ ಕೆಲವಕ್ಕೆ ನಡುವೆ ಉಕ್ಕಿನ ಎಳೆ ಇರುತ್ತದೆ. ಅದಕ್ಕೆ ಮಾಮೂಲಿ ಪ್ಲೇಯರ್ ಕೊಟ್ಟರೆ ಅಂಚಿನಲ್ಲಿ ಕಚ್ಚು ಬೀಳುತ್ತದೆ. ಗಟ್ಟಿ ಉಕ್ಕಿಗೆಂದೇ ಬೇರೆ ಕಟರ್ ಇದೆ, ಅದನ್ನು ಕೇಳಿ ತಗೋ. ಬಲ ಸಾಲದು ಎಂದು ಹಿಡಿಗೆ ಪೈಪ್ ಸಿಕ್ಕಿಸುವುದು, ತಲೆಗೆ ಸುತ್ತಿಗೆಯಿಂದ ಹೊಡೆಯುವುದು ಎಲ್ಲ ನೋಡುತ್ತೀಯ. ನೀನು ಮಾಡಬೇಡ. ಬಲ ಸಾಲಲಿಲ್ಲ ಅಂದರೆ ಆ ಕೆಲಸಕ್ಕೆ ಆ ಪ್ಲೇಯರ್ ಅಲ್ಲ ಅಂತ. ನಟ್ ತಿರುಗಿಸಲೂ ಬಳಸಬೇಡ. ನಟ್ಟಿನ ಮೂಲೆ ಸವೆದರೆ ಆಮೇಲೆ ಸ್ಪ್ಯಾನರೂ ಹಿಡಿಯಲ್ಲ.

ತಂತಿ ಹೊಸೆಯುವುದು ಮಾತ್ರ ಈ ಪ್ಲೇಯರಿನ ಚಂದದ ಕೆಲಸ. ಮೂತಿ ಚೌಕಾಗಿ ಇರುವುದು ಅದಕ್ಕೇ. ಸುಲಿದ ತಂತಿಗಳನ್ನು ಅಕ್ಕಪಕ್ಕ ಸಮ ಹಿಡಿದುಕೋ. ಇನ್ಸುಲೇಷನ್ ಮುಗಿಯುವ ಜಾಗ ಎಲ್ಲಕ್ಕೂ ಒಂದೇ ಮಟ್ಟಕ್ಕಿರಲಿ. ಎಡಗೈಯಲ್ಲಿ ಬುಡ ಗಟ್ಟಿ ಹಿಡಿ, ಬಲಗೈಯಲ್ಲಿ ಪ್ಲೇಯರಿನ ಮೂತಿಯಿಂದ ತುದಿ ಕಚ್ಚಿ ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸು. ಮೊದಲ ಸುತ್ತಿನಲ್ಲಿ ತಂತಿಗಳು ಒಂದರ ಮೇಲೊಂದು ಜಾರುತ್ತವೆ. ಮೂರನೇ ಸುತ್ತಿಗೆ ಕೈಗೆ ಬಿಗಿ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸು. ಇನ್ನೊಂದು ಸುತ್ತು ಹಾಕಿದರೆ ತಂತಿ ಮುರಿಯಬಹುದು. ಹಾಗೆಯೇ ಸುಲಿಯುವಾಗ ತಂತಿಗೆ ಗಾಯ ಮಾಡಬೇಡ. ಗಾಯ ಆದ ಕಡೆ ಅಲ್ಯೂಮಿನಿಯಂ ಎರಡು ಸಲ ಬಗ್ಗಿಸಿದರೆ ಪಟಕ್ಕನೆ ಕಿತ್ತುಬರುತ್ತದೆ. ಸುಲಿಯಲೆಂದೇ ಇರುವ ಸ್ಟ್ರಿಪ್ಪರ್ ಎಂಬ ಉಪಕರಣ ಇಟ್ಟುಕೋ.

ಒಂದು ಕಥೆ ನೆನಪಾಯಿತು. 1857ರಲ್ಲಿ ಶಿಕಾಗೊದಲ್ಲಿ ಟೆಲಿಗ್ರಾಫ್ ಲೈನಿನ ಕೆಲಸಗಾರನೊಬ್ಬ ಅರ್ಧ ಮುರಿದ ಪ್ಲೇಯರ್ ಹಿಡಿದುಕೊಂಡು ಮಥಾಯಸ್ ಕ್ಲೈನ್ ಎಂಬ ಕಮ್ಮಾರನ ಹತ್ತಿರ ಬಂದನಂತೆ. ಕ್ಲೈನ್ ಮುರಿದ ಅರ್ಧವನ್ನು ಹೊಸದಾಗಿ ಬಡಿದು, ಹಳೇ ಅರ್ಧಕ್ಕೆ ರಿವೆಟ್ ಹಾಕಿ ಕೂಡಿಸಿಕೊಟ್ಟ. ಸ್ವಲ್ಪ ದಿನಕ್ಕೆ ಹಳೇ ಅರ್ಧವೂ ಮುರಿಯಿತು. ಅದನ್ನೂ ಮಾಡಿಕೊಟ್ಟ. ಅಲ್ಲಿಗೆ ಪೂರ್ತಿ ಅವನದೇ ಪ್ಲೇಯರ್ ಆಯಿತು. ಪ್ಲೇಯರ್ ಮಾಡುವ ಕ್ಲೈನ್ ಕಂಪನಿ ಹುಟ್ಟಿದ್ದು ಹಾಗೆ ಎಂದು ಅವರೇ ಹೇಳಿಕೊಳ್ಳುತ್ತಾರೆ. ನಿನ್ನ ಹಾಗೆ ಕಂಬ ಹತ್ತುವವನೊಬ್ಬನ ಅಗತ್ಯದಿಂದ ಶುರುವಾದದ್ದು, ಅಲ್ವಾ? ನನಗೆ ಅದು ತುಂಬಾ ಇಷ್ಟ.

ಆರೈಕೆ ಜಾಸ್ತಿ ಏನಿಲ್ಲ. ರಿವೆಟ್ ಹತ್ತಿರ ಆಗಾಗ ಒಂದು ಹನಿ ಎಣ್ಣೆ ಬಿಡು, ನಾಲ್ಕು ಸಲ ತೆರೆದು ಮುಚ್ಚು, ಒರೆಸು. ಎಣ್ಣೆ ಹಿಡಿಗೆ ಬರಬಾರದು. ಬೆಂಕಿಗೆ ಹಿಡಿಯಬೇಡ, ಉಕ್ಕಿನ ಹದ ಹೋಗುತ್ತದೆ. ಇನ್ಸುಲೇಷನ್ ಹಿಡಿ ಸೀಳಿದರೆ ಟೇಪ್ ಸುತ್ತಿ ಬಳಸಬೇಡ. ಎರಡು ಬಣ್ಣದ ಪದರ ಇರುವ ಹಿಡಿಯಲ್ಲಿ ಒಳಗಿನ ಬಣ್ಣ ಕಂಡಿತು ಎಂದರೆ ಅದರ ಕಾಲ ಮುಗಿಯಿತು.

ಒಂದು ಕಾಗದದ ಮೇಲೆ ನಿನ್ನ ಬಲಗೈ ಇಟ್ಟು ಸುತ್ತ ಗೆರೆ ಎಳೆದು ಕಳಿಸು. ಅದಕ್ಕೆ ಹೊಂದುವ ಪ್ಲೇಯರನ್ನು ನಾನೇ ನೋಡಿ ಕಳಿಸುತ್ತೇನೆ. ಜೊತೆಗೆ ಆ ಗುಳಿ ಬಿದ್ದ ಪ್ಲೇಯರನ್ನೂ ಇಡುತ್ತೇನೆ. ಅದರಲ್ಲಿ ಕೆಲಸ ಮಾಡಬೇಡ. ನಿನ್ನ ಸಾಮಾನಿನ ಚೀಲದಲ್ಲಿ, ಟೆಸ್ಟರ್ ಪಕ್ಕದಲ್ಲೇ ಇಟ್ಟುಕೋ.

ಇತಿ,
ನಿನ್ನ ದೊಡ್ಡಪ್ಪ